ಕೀಲುಬಾವು ಅಂಟುರೋಗವೇ? ಅವ್ವನಿಂದ ಮಗಳಿಗೆ ಬರುತ್ತಾ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಬಲು ಚುರುಕು. ಅಕ್ಷರ ಬೇಗ ಕಲಿತರು. ತಮ್ಮ ಹೆಸರು ಬರೆದರು. ಮಗಳ ಹೆಸರೂ ಬರೆದರು. ಆಮೇಲೆ ಒಂದು ದಿನ ಬರೆಯುವುದನ್ನೇ ಬಿಟ್ಟರು. ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂರುತ್ತಿದ್ದರು.

"ಯಾಕಕ್ಕ, ಬರೀರಿ" ಅಂದೆವು. ಅವರು ಕೈ ತೋರಿಸಿದರು. ಬೆರಳಿನ ಗೆಣ್ಣುಗಳು ಊದಿದ್ದವು. ಪೆನ್ಸಿಲ್ ಹಿಡಿಯೋಕೆ ಆಗ್ತಿರಲಿಲ್ಲ.

"ಬೆಳಿಗ್ಗೆ ಎದ್ರೆ ಕೈ ಮಡಚೋಕೇ ಆಗಲ್ಲ. ಬಿಸಿಲು ಏರೋವರೆಗೂ ಕೈ ಕಟ್ಟಿಹಾಕಿದ ಹಾಗಿರುತ್ತೆ. ಬಳೆ ಏರಲ್ಲ. ಮುದ್ದೆ ತೊಳಸೋಕೆ ಆಗಲ್ಲ. ಒದ್ದೆ ಸೀರೆ ಹಿಂಡೋಕೆ ಆಗಲ್ಲ" ಅಂದರು.

ನೋವಿಗಿಂತ ದೊಡ್ಡ ಸಂಕಟ ಇನ್ನೆರಡು ಇದ್ದವು. ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ. ಕಾಯಿಲೆ ಅಂಟುತ್ತದೆ ಅನ್ನೋ ಭಯ. ಇನ್ನೊಂದು ಕಡೆ, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಅವ್ವನ ಕೈ ನೋಡಿದರು. "ಇದು ವಂಶದ ಕಾಯಿಲೆ" ಅಂತ ಎದ್ದು ಹೋದರು.

ಇದು ಅಂಟುತ್ತಾ? ವಂಶದಿಂದ ಬರುತ್ತಾ? ಈ ಎರಡು ಪ್ರಶ್ನೆ ಆ ಅಕ್ಕನ ಮನೆಯಲ್ಲಿ ಮಾತ್ರ ಇಲ್ಲ. ಎಷ್ಟೋ ಮನೆಗಳಲ್ಲಿವೆ. ಬನ್ನಿ, ಒಂದೊಂದಾಗಿ ತಿಳಿಯೋಣ.

ಇದು ಯಾವ ನೋವು?

ಕೀಲುನೋವು ಅಂದರೆ ಎಲ್ಲವೂ ಒಂದೇ ಅಲ್ಲ. ವಯಸ್ಸಾದ ಮೇಲೆ ಮಂಡಿ ಸವೆಯುತ್ತದೆ. ಆ ನೋವು ನಡೆದಾಗ ಹೆಚ್ಚು, ಕೂತಾಗ ಕಡಿಮೆ. ನಾಟಿ ಹಾಕಿ, ಕಳೆ ಕಿತ್ತು ಬಂದ ದಿನ ಮೈ ನೋಯುತ್ತದೆ. ಅದು ಮಲಗಿ ಎದ್ದರೆ ಹೋಗುತ್ತದೆ.

ಈ ಅಕ್ಕನ ನೋವು ಬೇರೆ. ಇದು ಮಲಗಿ ಎದ್ದಾಗಲೇ ಜಾಸ್ತಿ. ಇದನ್ನು ನಾವು ವಾತ, ಸಂಧಿವಾತ ಅಂತೀವಿ. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಅಂತಾರೆ. ನಾವು ಇಲ್ಲಿ ಕೀಲುಬಾವು ಅಂತ ಕರೆಯೋಣ.

ಇದರ ಗುರುತುಗಳು ಇವು:

• ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿಯುತ್ತವೆ. ಅರ್ಧ ಗಂಟೆ, ಒಂದು ಗಂಟೆಯಾದರೂ ಸಡಿಲ ಆಗುವುದಿಲ್ಲ.
• ಬೆರಳು, ಮಣಿಕಟ್ಟು, ಪಾದದ ಬೆರಳುಗಳ ಸಣ್ಣ ಕೀಲುಗಳು ಊದುತ್ತವೆ.
• ಸಾಮಾನ್ಯವಾಗಿ ಎರಡೂ ಕೈಗೆ, ಎರಡೂ ಕಾಲಿಗೆ ಬರುತ್ತದೆ.
• ಆರು ವಾರ ಕಳೆದರೂ ಹೋಗುವುದಿಲ್ಲ.
• ಸುಸ್ತು ಇರುತ್ತದೆ. ಕೆಲವರಿಗೆ ಸಣ್ಣ ಜ್ವರವೂ ಇರುತ್ತದೆ.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಮುದುಕರಿಗೆ ಮಾತ್ರ ಬರುವ ಕಾಯಿಲೆ ಇದಲ್ಲ. ಮೂವತ್ತು, ನಲವತ್ತರ ಪ್ರಾಯದಲ್ಲೂ ಬರುತ್ತದೆ.

ಒಳಗೆ ಏನಾಗುತ್ತದೆ?

ನಮ್ಮ ರಕ್ತದಲ್ಲಿ ಕಾವಲುಗಾರರಿದ್ದಾರೆ. ರೋಗಾಣು ಬಂದರೆ ಹೊಡೆದು ಓಡಿಸುವುದು ಅವರ ಕೆಲಸ. ಕೆಲವೊಮ್ಮೆ ಕಾವಲುಗಾರ ತಪ್ಪು ತಿಳಿಯುತ್ತಾನೆ. ಕತ್ತಲಲ್ಲಿ ಮನೆಯವರನ್ನೇ ಕಳ್ಳ ಅಂತ ಹೊಡೆಯುತ್ತಾನೆ. ಕೀಲುಬಾವಿನಲ್ಲಿ ಆಗುವುದು ಇದೇ. ಕೀಲಿನ ಒಳಗೆ ತೆಳುವಾದ ಒಂದು ಪೊರೆ ಇದೆ. ಕಾವಲುಗಾರರು ಆ ಪೊರೆಯ ಮೇಲೆ ಬೀಳುತ್ತಾರೆ. ಪೊರೆ ಊದುತ್ತದೆ, ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಮೂಳೆಯನ್ನೇ ತಿನ್ನುತ್ತದೆ. ಬೆರಳು ಸೊಟ್ಟಗಾಗುತ್ತದೆ.

ಕಾವಲುಗಾರನಿಗೆ ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? ರೋಗಾಣುವಿನಿಂದ ಬಂತೇ? ಇದಕ್ಕೆ ಉತ್ತರ ಹುಡುಕಲು ಮೊದಲು ಬೇರೆ ಎರಡು ಕಾಯಿಲೆ ನೋಡೋಣ.

ಸೊಳ್ಳೆಯಿಂದ ಬಂದ ಕೀಲುನೋವು

2006 ನೆನಪಿದೆಯೇ? ಆ ವರ್ಷ ಚಿಕುನ್‌ಗುನ್ಯಾ ನಮ್ಮ ರಾಜ್ಯದ ಊರೂರಿಗೆ ನುಗ್ಗಿತು. ಕರ್ನಾಟಕದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಈ ಜ್ವರ ಬಂದಿರಬಹುದು ಎಂದು ಲೆಕ್ಕಕ್ಕೆ ಬಂತು. ಜ್ವರ ವಾರದಲ್ಲಿ ಬಿಟ್ಟಿತು. ಕೀಲುನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಉಳಿಯಿತು. ಚಿಕುನ್‌ಗುನ್ಯಾ ಅನ್ನೋದು ಆಫ್ರಿಕಾದ ಟಾಂಜಾನಿಯಾ ಕಡೆಯ ಒಂದು ಭಾಷೆಯ ಮಾತು. ನೋವಿಗೆ ಮೈ ಬಗ್ಗಿಹೋಗುವುದು ಅಂತ ಅರ್ಥ. 1952ರಲ್ಲಿ ಅಲ್ಲಿ ಈ ಜ್ವರ ಹರಡಿದಾಗ ಈ ಹೆಸರು ಬಂತು.

ಇದು ವೈರಸ್ ಎಂಬ ರೋಗಾಣುವಿನಿಂದ ಬರುವ ಕೀಲುನೋವು. ಹಗಲು ಕಚ್ಚುವ ಸೊಳ್ಳೆ ಇದನ್ನು ಹರಡುತ್ತದೆ. ತೊಟ್ಟಿ, ಡ್ರಮ್ಮು, ಹಳೇ ಟೈರಿನಲ್ಲಿ ನಿಂತ ನೀರಿನಲ್ಲಿ ಆ ಸೊಳ್ಳೆ ಬೆಳೆಯುತ್ತದೆ. ಮುಟ್ಟಿದರೆ ಈ ಜ್ವರ ಬರುವುದಿಲ್ಲ.

ಗಂಟಲುನೋವಿನಿಂದ ಬಂದ ಕೀಲುನೋವು

ಇದು ಮಕ್ಕಳ ವಿಷಯ. ಗಮನವಿಟ್ಟು ಓದಿ. 5ರಿಂದ 15 ವರ್ಷದ ಮಕ್ಕಳಿಗೆ ಗಂಟಲುನೋವು ಬರುತ್ತದೆ. ಅದರಲ್ಲಿ ಕೆಲವು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಬರುತ್ತವೆ. ಗಂಟಲು ವಾಸಿಯಾಯಿತು ಅಂದುಕೊಳ್ಳುತ್ತೇವೆ. ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ. ಇವತ್ತು ಮಂಡಿ ಊದುತ್ತದೆ, ನಾಳೆ ಹಿಮ್ಮಡಿ ಗೆಣ್ಣು, ಆಮೇಲೆ ಮೊಣಕೈ. ಇದು ರುಮ್ಯಾಟಿಕ್ ಜ್ವರ.

ಇಲ್ಲಿಯೂ ಕಾವಲುಗಾರನದೇ ತಪ್ಪು. ಆ ಬ್ಯಾಕ್ಟೀರಿಯಾದ ಮೈಗೂ ನಮ್ಮ ಹೃದಯದ ಕೆಲವು ಭಾಗಕ್ಕೂ ಹೋಲಿಕೆ ಇದೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ಹೋದವನು ಹೃದಯವನ್ನೂ ಹೊಡೆಯುತ್ತಾನೆ. ಕೀಲಿನ ಬಾವು ಬಂದು ಹೋಗುತ್ತದೆ. ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಬಸುರಾದಾಗ, ಉಸಿರು ಕಟ್ಟಿದಾಗ.

ಅದಕ್ಕೇ ಮಗುವಿನ ಗಂಟಲುನೋವನ್ನು ಸಸಾರ ಮಾಡಬಾರದು. ಡಾಕ್ಟರು ಕೊಟ್ಟ ಮಾತ್ರೆ ಪೂರ್ತಿ ಮುಗಿಸಬೇಕು. ರುಮ್ಯಾಟಿಕ್ ಜ್ವರ ಒಮ್ಮೆ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಹಾಕಿಸಬೇಕು. ಇದು ವರ್ಷಗಟ್ಟಲೆ ನಡೆಯುತ್ತದೆ. "ಮಗು ಚೆನ್ನಾಗಿದೆಯಲ್ಲ" ಅಂತ ನಿಲ್ಲಿಸಬಾರದು.

ಒಂದೇ ಮನೆಯ ಇಬ್ಬರು ಮಕ್ಕಳಿಗೆ ಈ ಜ್ವರ ಬರುವುದುಂಟು. ಇಲ್ಲಿ ಮೈಗುಣವೂ ಸ್ವಲ್ಪ ಇದೆ. ಇಕ್ಕಟ್ಟಾದ ಮನೆಯಲ್ಲಿ ಕೆಮ್ಮು, ಗಂಟಲುನೋವು ಒಬ್ಬರಿಂದ ಒಬ್ಬರಿಗೆ ಹಬ್ಬುವುದೂ ಇದೆ. ಅಂಟುವುದು ಗಂಟಲುನೋವು. ಊದಿದ ಕೀಲು ಅಂಟುವುದಿಲ್ಲ.

ಹಾಗಾದರೆ ಕೀಲುಬಾವು ಅಂಟುತ್ತಾ?

ಇಲ್ಲ. ಅಕ್ಕನ ಕಾಯಿಲೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಮೊಮ್ಮಗುವನ್ನು ಎತ್ತಿ ಮುದ್ದಾಡಿದರೂ ಬರುವುದಿಲ್ಲ.

"ರೋಗಾಣುವಿಗೂ ಇದಕ್ಕೂ ಸಂಬಂಧವೇ ಇಲ್ಲವೇ?" ಅಂತ ಕೇಳಬಹುದು. ವಿಜ್ಞಾನಿಗಳು ಬಹಳ ಕಾಲದಿಂದ ಹುಡುಕುತ್ತಿದ್ದಾರೆ. ಇದೇ ರೋಗಾಣು ಅಂತ ಬೆರಳು ಮಾಡಿ ತೋರಿಸುವಂಥದ್ದು ಸಿಕ್ಕಿಲ್ಲ. ಅನುಮಾನಗಳಿವೆ. ಹೆಚ್ಚಿನ ಅನುಮಾನ ವಸಡಿನ ಮೇಲೆ. ಹಲ್ಲಿನ ವಸಡು ಕೊಳೆತು ರಕ್ತ ಬರುತ್ತದಲ್ಲ, ಅಲ್ಲಿರುವ ಒಂದು ಬ್ಯಾಕ್ಟೀರಿಯಾ ನಮ್ಮ ಮೈಯ ಪದಾರ್ಥವನ್ನು ಸ್ವಲ್ಪ ಬದಲಾಯಿಸಬಲ್ಲದು. ಬದಲಾದದ್ದನ್ನು ನೋಡಿ ಕಾವಲುಗಾರ ಮೋಸ ಹೋಗುತ್ತಾನೆ ಎಂದು ಕೆಲವರು ಹೇಳುತ್ತಾರೆ. ಬೀಡಿ, ಸಿಗರೇಟಿನ ಹೊಗೆ ಅಪಾಯ ಹೆಚ್ಚಿಸುತ್ತದೆ ಅನ್ನುವುದು ಮಾತ್ರ ಅನುಮಾನ ಅಲ್ಲ, ಗೊತ್ತಾಗಿರುವ ವಿಷಯ. ಕಲ್ಲು ಒಡೆಯುವಲ್ಲಿ ಏಳುವ ಧೂಳೂ ಹಾಗೆಯೇ.

ವಂಶದಿಂದ ಬರುತ್ತಾ?

ಲೆಕ್ಕ ಮಾಡಿ ನೋಡೋಣ. ಈಗ ನಮಗೆ ಎಣಿಸಲು ಬರುತ್ತದಲ್ಲ! 200 ಅವರೆಕಾಳು ಎಣಿಸಿ ಮೊರದಲ್ಲಿ ಹಾಕಿ. ಅವು 200 ಮಂದಿ ಅಂದುಕೊಳ್ಳಿ. ನಮ್ಮ ದೇಶದಲ್ಲಿ 200 ಮಂದಿಯಲ್ಲಿ ಸುಮಾರು ಒಬ್ಬರಿಗೆ ಈ ಕೀಲುಬಾವು ಇರುತ್ತದೆ. ಒಂದು ಕಾಳು ತೆಗೆದಿಡಿ.

ಈಗ ಅವ್ವನಿಗೋ ಒಡಹುಟ್ಟಿದ ಅಕ್ಕನಿಗೋ ಕೀಲುಬಾವು ಇರುವ 200 ಮಂದಿಯನ್ನು ತೆಗೆದುಕೊಳ್ಳಿ. ಅವರಿಗೆ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಅಂದರೆ ಎರಡು ಮೂರು ಕಾಳು ತೆಗೆದಿಡಬೇಕು. ಮೊರದಲ್ಲಿ ಉಳಿದದ್ದು ಎಷ್ಟು? 197! ಅಷ್ಟು ಮಂದಿಗೆ ಈ ಕೀಲುಬಾವು ಇರುವುದಿಲ್ಲ.

ಇನ್ನೊಂದು ಮಾತು. ಒಂದೇ ರೂಪದ ಅವಳಿ ಮಕ್ಕಳಿರುತ್ತಾರೆ. ಅವರ ವಂಶದ ಗುಣಗಳೆಲ್ಲ ಒಂದೇ. ಅಂಥವರಲ್ಲಿ ಒಬ್ಬರಿಗೆ ಕೀಲುಬಾವು ಬಂದರೂ ಇನ್ನೊಬ್ಬರಿಗೆ ಬರುವುದು ನೂರಕ್ಕೆ ಸುಮಾರು 15 ಸಲ ಮಾತ್ರ. ವಂಶವೇ ಎಲ್ಲಾ ಆಗಿದ್ದರೆ ನೂರಕ್ಕೆ ನೂರು ಆಗಬೇಕಿತ್ತು.

ಹಾಗಾಗಿ ವಂಶದ ಪಾಲು ಇದೆ, ಸುಳ್ಳಲ್ಲ. ಆದರೆ ಅದು ಹಣೆಬರಹ ಅಲ್ಲ. ಅವ್ವನ ಕೈ ನೋಡಿ ಮಗಳ ಮದುವೆ ಮುರಿಯುವುದು ತಪ್ಪು ಲೆಕ್ಕ. ಮಗಳು ಒಂದು ಕೆಲಸ ಮಾಡಬೇಕು. ಬೆಳಗಿನ ಬಿಗಿತ, ಬಾವು ಕಂಡರೆ ಮುಚ್ಚಿಡದೆ ಬೇಗ ತೋರಿಸಬೇಕು.

ಬಾಣಂತಿ ತಣ್ಣೀರು ಮುಟ್ಟಿದ್ದಕ್ಕೆ ಬಂತೇ?

"ಬಾಣಂತನದಲ್ಲಿ ತಣ್ಣೀರು ಮುಟ್ಟಿದಳು, ಅದಕ್ಕೇ ವಾತ ಹಿಡೀತು" ಅಂತಾರೆ ನಮ್ಮ ಹಿರಿಯರು. ಅವರು ಕಂಡದ್ದು ನಿಜ, ಕೊಟ್ಟ ಕಾರಣ ನಿಜವಲ್ಲ. ಕೀಲುಬಾವು ಇರುವ ಎಷ್ಟೋ ಹೆಂಗಸರಿಗೆ ಬಸುರಿನಲ್ಲಿ ನೋವು ಕಡಿಮೆಯಾಗುತ್ತದೆ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಮತ್ತೆ ಜೋರಾಗುತ್ತದೆ. ಕೆಲವರಿಗೆ ಆಗಲೇ ಮೊದಲು ಕಾಣಿಸುತ್ತದೆ. ಇದು ಮೈಯೊಳಗಿನ ಬದಲಾವಣೆಯಿಂದ ಆಗುವುದು. ತಣ್ಣೀರಿನ ತಪ್ಪಲ್ಲ, ಬಾಣಂತಿಯ ತಪ್ಪೂ ಅಲ್ಲ. ಬದನೆಕಾಯಿ, ಆಲೂಗಡ್ಡೆ ತಿಂದದ್ದಕ್ಕೂ ಇದು ಬರುವುದಿಲ್ಲ.

ಔಷಧಿ ಇದೆಯೇ?

ಇದೆ. ಬೇಗ ಶುರು ಮಾಡಬೇಕು. ಮೊದಲ ಕೆಲವು ತಿಂಗಳಲ್ಲೇ ಔಷಧಿ ಸಿಕ್ಕರೆ ಕೀಲು ಉಳಿಯುತ್ತದೆ. ಸೊಟ್ಟಗಾದ ಬೆರಳು ಮಾತ್ರೆಯಿಂದ ನೇರ ಆಗುವುದಿಲ್ಲ.

ಇದಕ್ಕೆ ಹೆಚ್ಚಾಗಿ ಕೊಡುವ ಮಾತ್ರೆಯ ಹೆಸರು ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನಮಗೀಗ ಓದಲು ಬರುತ್ತದೆ. ಡಾಕ್ಟರನ್ನು ಕೇಳಿ, ಯಾವ ವಾರ ಅಂತ ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳೋಣ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಬಸುರಿಯರು ಈ ಮಾತ್ರೆ ನುಂಗಬಾರದು. ಮಗು ಬೇಕು ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಅವರು ಬೇರೆ ಮಾತ್ರೆ ಕೊಡುತ್ತಾರೆ.

ಒಂದು ಎಚ್ಚರಿಕೆ. "ಒಂದೇ ಸೂಜಿಗೆ ನೋವು ಮಾಯ" ಅನ್ನುವವರಿದ್ದಾರೆ. ಹೆಸರಿಲ್ಲದ ಪುಡಿ ಕೊಡುವವರಿದ್ದಾರೆ. ಅದರಲ್ಲಿ ಹಲವು ಸಲ ಸ್ಟೀರಾಯ್ಡ್ ಇರುತ್ತದೆ. 1948ರಲ್ಲಿ ಅಮೆರಿಕದಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರು ಈ ಔಷಧಿಯನ್ನು 29 ವರ್ಷದ ಹೆಂಗಸಿಗೆ ಮೊದಲು ಕೊಟ್ಟರು. ಏಳಲಾಗದೆ ಮಲಗಿದ್ದಾಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ಹೆಂಚ್ ಅವರಿಗೆ ನೊಬೆಲ್ ಬಹುಮಾನ ಬಂತು. ಆದರೆ ಬಹಳ ದಿನ ಕೊಟ್ಟಾಗ ಮುಖ ಊದಿತು, ಮೂಳೆ ಟೊಳ್ಳಾಯಿತು, ಸಕ್ಕರೆ ಏರಿತು. ಅದಕ್ಕೇ ಡಾಕ್ಟರು ಈಗ ಇದನ್ನು ಅಳೆದು, ಸ್ವಲ್ಪ ದಿನ ಮಾತ್ರ ಕೊಡುತ್ತಾರೆ. ಗೊತ್ತಿಲ್ಲದ ಸೂಜಿ, ಪುಡಿ ಬೇಡ. ಈಗಾಗಲೇ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಬೇಡ. ಡಾಕ್ಟರಿಗೆ ತೋರಿಸಿ.

ಅಕ್ಕ ಈಗ ಹೇಗಿದ್ದಾರೆ?

ಆಶಾ ಕಾರ್ಯಕರ್ತೆಯ ಜೊತೆ ನಾವು ಅಕ್ಕನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೊಸೆಯನ್ನೂ ಕರೆದೆವು. ಅಂಟುವುದಿಲ್ಲ ಅಂತ ಡಾಕ್ಟರ ಬಾಯಿಂದಲೇ ಕೇಳಿಸಿದೆವು. ಮಾತ್ರೆ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕಾಯಿತು. ಸೊಟ್ಟಗಾಗಿದ್ದ ಎರಡು ಬೆರಳು ಹಾಗೇ ಇವೆ. ಉಳಿದವು ಮಡಚುತ್ತವೆ. ಅಕ್ಕ ಪೆನ್ಸಿಲ್‌ಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಬರೆಯುತ್ತಾರೆ. ಬೇರೆ ತಟ್ಟೆ ಹೋಯಿತು. ಮೊಮ್ಮಗು ಅವರ ಮಡಿಲಲ್ಲಿ ಕೂತು ಅವರ ಜೊತೆ ಅ, ಆ ಹೇಳುತ್ತದೆ. ಮಗಳಿಗೆ ಇನ್ನೂ ಗಂಡು ಗೊತ್ತಾಗಿಲ್ಲ. ಬಂದವರ ಮುಂದೆ ಅಕ್ಕ ಈಗ ಕೈ ಮುಚ್ಚಿಕೊಳ್ಳುವುದಿಲ್ಲ. ಮೊರ ತಂದು ಕಾಳು ಎಣಿಸಿ ತೋರಿಸುತ್ತಾರೆ.

ಮಾತಾಡೋಣ, ಬರೆಯೋಣ

1. ಬೆಳಿಗ್ಗೆ ಕೈ ಬಿಗಿಯುವವರು ನಿಮ್ಮ ಓಣಿಯಲ್ಲಿ ಯಾರಿದ್ದಾರೆ? ಅವರಿಗೆ ಏನು ಹೇಳುವಿರಿ?
2. ಗಂಟಲುನೋವಿನ ಮಗುವನ್ನು ಡಾಕ್ಟರಿಗೆ ಯಾಕೆ ತೋರಿಸಬೇಕು?
3. ಈ ಮಾತನ್ನು ದಪ್ಪಕ್ಷರದಲ್ಲಿ ಬರೆಯಿರಿ: ಕೀಲುಬಾವು ಅಂಟುವುದಿಲ್ಲ.