ಪಿಯಾನೊ ಮೇಷ್ಟ್ರನ್ನು ಹುಡುಕುವಾಗ

ಬೆಂಗಳೂರಿನಲ್ಲಿ ಪಿಯಾನೊ ಕಲಿಸುವವರಿಗೆ ಬರವಿಲ್ಲ. ಫ್ರೇಜರ್ ಟೌನ್, ಕುಕ್ ಟೌನ್ ಕಡೆಯ ಮನೆಗಳಲ್ಲಿ ಚರ್ಚ್ ಸಂಗೀತದ ನಂಟಿನಿಂದ ಪಾಠ ಹೇಳುತ್ತ ಬಂದವರಿದ್ದಾರೆ. ಅರುಣಾ ಸುಂದರಲಾಲ್ 1987ರಲ್ಲಿ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರ್.ಟಿ. ನಗರದಲ್ಲಿದೆ. ಈಗಂತೂ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೇ ಬಂದು ಕಲಿಸುವವರೂ ಸಿಗುತ್ತಾರೆ. ಇಷ್ಟೆಲ್ಲ ಇದ್ದೂ ಅಪ್ಪ-ಅಮ್ಮಂದಿರು ಫೋನ್ ಮಾಡಿ ಕೇಳುವ ಮೊದಲ ಮಾತು ಒಂದೇ: ‘ವರ್ಷಕ್ಕೊಂದು ಗ್ರೇಡ್ ಮಾಡಿಸ್ತೀರಾ?’ ಹುಡುಕಾಟ ಹಾದಿ ತಪ್ಪುವುದು ಇಲ್ಲೇ.

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಲಂಡನ್ನಿನ ಟ್ರಿನಿಟಿ ಕಾಲೇಜು ಮತ್ತು ಎಬಿಆರ್‌ಎಸ್‌ಎಂ ಮಂಡಳಿಯ ಪರೀಕ್ಷೆಗಳು. ಎರಡರಲ್ಲೂ ಎಂಟನೇ ಗ್ರೇಡ್‌ವರೆಗೆ ಮೆಟ್ಟಿಲುಗಳಿವೆ. ಪರೀಕ್ಷೆಯಲ್ಲೇ ದೋಷವಿಲ್ಲ. ಎಬಿಆರ್‌ಎಸ್‌ಎಂ ಪ್ರಾಕ್ಟಿಕಲ್ ಪರೀಕ್ಷೆಯ ಅಂಕಗಳನ್ನೇ ನೋಡಿ: ಒಟ್ಟು 150ರಲ್ಲಿ ಮೂರು ಕೃತಿಗಳಿಗೆ 90, ಸ್ಕೇಲ್‌ಗಳಿಗೆ 21, ನೋಡಿದ ಕೂಡಲೇ ನುಡಿಸುವ ಸೈಟ್ ರೀಡಿಂಗ್‌ಗೆ 21, ಕೇಳಿ ಗುರುತಿಸುವುದಕ್ಕೆ 18. ಪಾಸಾಗಲು 100 ಸಾಕು. ಅಂದರೆ ಮೂರು ಕೃತಿ ಮತ್ತು ಸ್ಕೇಲ್‌ಗಳನ್ನು ವರ್ಷವಿಡೀ ಉರು ಹೊಡೆಸಿದರೆ, ಉಳಿದೆರಡರಲ್ಲಿ ತೀರಾ ಕಡಿಮೆ ಬಂದರೂ ಮಗು ದಾಟಿಬಿಡುತ್ತದೆ. ಸರ್ಟಿಫಿಕೇಟು ಗೋಡೆ ಏರುತ್ತದೆ. ಆ ಮೂರು ಕೃತಿ ಬಿಟ್ಟು ನಾಲ್ಕನೆಯದನ್ನು ಮುಂದಿಟ್ಟರೆ ಮಗು ಪೆಚ್ಚಾಗಿ ಕೂರುತ್ತದೆ. ಥಿಯರಿಯನ್ನು ಕಡೆಗಣಿಸಿದ ಮಕ್ಕಳಿಗೆ ಆರನೇ ಗ್ರೇಡ್‌ನಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ: ಎಬಿಆರ್‌ಎಸ್‌ಎಂನಲ್ಲಿ ಅಲ್ಲಿಂದ ಮುಂದೆ ಹೋಗಲು ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಮುಗಿಸಿರಲೇಬೇಕು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ‘ನಿಮ್ಮ ಮಕ್ಕಳು ವರ್ಷದಲ್ಲಿ ಎಷ್ಟು ಕೃತಿ ನುಡಿಸ್ತಾರೆ?’ ಪುಟ್ಟ ಪುಟ್ಟ ಕೃತಿಗಳು ಇಪ್ಪತ್ತು, ಮೂವತ್ತು ಎನ್ನುವ ಮೇಷ್ಟ್ರು ಸಿಕ್ಕರೆ ಬಿಡಬೇಡಿ. ಮಕ್ಕಳಿಗಾಗಿ ಬರೆದ ಸಂಗೀತಕ್ಕೇನೂ ಕೊರತೆಯಿಲ್ಲ. ಶೂಮನ್ 1848ರಲ್ಲಿ ಮಗಳು ಮಾರಿಯ ಏಳನೇ ಹುಟ್ಟುಹಬ್ಬಕ್ಕೆಂದು ಬರೆಯತೊಡಗಿದ ಪುಟಾಣಿ ಕೃತಿಗಳೇ ಬೆಳೆದು ‘ಆಲ್ಬಮ್ ಫಾರ್ ದಿ ಯಂಗ್’ ಆಯಿತು. ಹಂಗೇರಿಯ ಬಾರ್ಟೊಕ್ ‘ಮಿಕ್ರೊಕಾಸ್ಮೋಸ್’ನ ಆರು ಸಂಪುಟಗಳಲ್ಲಿ 153 ಕೃತಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿಟ್ಟ, ಮೊದಲೆರಡು ಸಂಪುಟ ಮಗ ಪೀಟರ್‌ಗೆ ಅರ್ಪಣೆ. ದೊಡ್ಡ ಸಂಗೀತಗಾರರೇ ಮನೆಯ ಮಕ್ಕಳಿಗೆಂದು ಇಷ್ಟು ಬಗೆಬಗೆಯಾಗಿ ಬರೆದಿಟ್ಟಿರುವಾಗ ನಮ್ಮ ಮಕ್ಕಳು ವರ್ಷಕ್ಕೆ ಮೂರೇ ಕೃತಿ ತಿಕ್ಕುತ್ತ ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಸೇರಿಸುವ ಮುಂಚೆ ಒಂದು ಪಾಠವನ್ನು ಪೂರ್ತಿ ಕೂತು ನೋಡಿ. ನಾನು ನೋಡಿದ ಒಂದು ತರಗತಿಯಲ್ಲಿ ಏಳು ವರ್ಷದ ಹುಡುಗಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಟೀಚರ್ ಮೊದಲು ಅವಳ ಪಾದದಡಿ ಒಂದು ಮಣೆ ಇಟ್ಟರು, ಮೊಣಕೈ ಕೀಗಳ ಮಟ್ಟಕ್ಕೆ ಬರುವ ಹಾಗೆ ಸ್ಟೂಲ್ ಏರಿಸಿದರು. ಆಮೇಲೇ ಪುಸ್ತಕ ತೆರೆದದ್ದು. ಹುಡುಗಿ ಎರಡನೇ ಸಾಲಿನಲ್ಲಿ ಎಡವಿದಾಗ ತಾವು ನುಡಿಸಿ ತೋರಿಸಲಿಲ್ಲ. ‘ಎಲ್ಲಿ ತಪ್ತು ಪುಟ್ಟಾ? ಒಂದ್ಸಲ ಹಾಡು’ ಎಂದರು. ಹಾಡುತ್ತಿದ್ದ ಹಾಗೇ ಅವಳಿಗೇ ತಪ್ಪು ಗೊತ್ತಾಯಿತು. ಬೆರಳು ತಾನಾಗಿ ಸರಿಯಾದ ಕೀ ಹುಡುಕಿಕೊಂಡಿತು. ತನ್ನ ತಪ್ಪು ತನಗೇ ಕೇಳಿಸುವ ಹಾಗೆ ಮಗುವನ್ನು ತಯಾರು ಮಾಡುವ ಇಂಥವರ ಬಳಿ ಸರ್ಟಿಫಿಕೇಟು ಇರಲಿ ಬಿಡಲಿ, ಕಣ್ಣುಮುಚ್ಚಿ ಸೇರಿಸಬಹುದು.

ಕರ್ನಾಟಕ ಸಂಗೀತದ ಗಾಳಿ ಬೀಸಿದ ಮನೆಗಳಿಗೆ ಒಂದು ಮಾತು. ಸರಳೆ, ಜಂಟಿ ವರಸೆ ಹಾಡುವ ಮಗುವಿಗೆ ಗುರು ಹೇಳಿದ್ದನ್ನು ಕೇಳಿ ತಿರುಗಿ ಹಾಡುವ ಕಿವಿ ಆಗಲೇ ಇರುತ್ತದೆ. ಪಿಯಾನೊದಲ್ಲಿ ಗಮಕ ಬರುವುದಿಲ್ಲ, ಸ್ವರಗಳು ನಿಂತ ಜಾಗದಲ್ಲೇ ನಿಲ್ಲುತ್ತವೆ ನಿಜ. ಹಾಗೆಂದು ‘ಅದೆಲ್ಲ ಮರೆತು ಬಾ’ ಎನ್ನುವ ಶಿಕ್ಷಕರಿಂದ ದೂರವಿರಿ. ಆ ಕಿವಿಯನ್ನೇ ಬಂಡವಾಳ ಮಾಡಿಕೊಂಡು, ಜೊತೆಗೆ ಸ್ಟಾಫ್ ನೊಟೇಶನ್ ಓದುವ ಕಣ್ಣನ್ನೂ ತೆರೆಸುವವರು ಬೇಕು.

ಮನೆಯಲ್ಲಿ ಯಾವ ವಾದ್ಯವಿದೆ ಎಂದು ಮೊದಲ ದಿನವೇ ಕೇಳದ ಮೇಷ್ಟ್ರ ಬಗ್ಗೆಯೂ ನನಗೆ ಅನುಮಾನ. 61 ಕೀಗಳ ಹಗುರ ಕೀಬೋರ್ಡಿನಲ್ಲಿ ಕೆಲವು ತಿಂಗಳು ಕಳೆಯಬಹುದು. ಆದರೆ ಬೆರಳಿನ ಬಲ, ಮೆಲ್ಲಗೆ-ಜೋರಾಗಿ ನುಡಿಸುವ ಹದ ಬರಬೇಕೆಂದರೆ ತೂಕವಿರುವ 88 ಕೀಗಳ ಡಿಜಿಟಲ್ ಪಿಯಾನೊ ಆದರೂ ಇರಬೇಕು. ಶುಲ್ಕ, ದೂರ, ಆನ್‌ಲೈನೋ ಮನೆಯಲ್ಲೋ ಎನ್ನುವುದೆಲ್ಲ ನಿಮ್ಮ ಅನುಕೂಲಕ್ಕೆ ಬಿಟ್ಟದ್ದು. ಶುರುವಿನಲ್ಲಂತೂ ಮುಖಾಮುಖಿ ಪಾಠವೇ ವಾಸಿ, ಮಣಿಕಟ್ಟು ಕುಸಿದರೆ ಪರದೆಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಸೇರಿಸಿ ಆರು ತಿಂಗಳಾದ ಮೇಲೆ, ಪುಸ್ತಕದಲ್ಲಿ ಇನ್ನೂ ಪಾಠವಾಗದ ಒಂದು ಸುಲಭ ಪುಟ ತೆರೆದು ಮಗುವಿನ ಮುಂದಿಡಿ. ತಡವರಿಸಿಯಾದರೂ ತಾನೇ ನುಡಿಸಿದರೆ ಮೇಷ್ಟ್ರನ್ನು ಬದಲಿಸಬೇಡಿ. ಬೆರಳನ್ನೇ ಇಡದಿದ್ದರೆ ಮೇಷ್ಟ್ರ ಜೊತೆ ಕೂತು ಮಾತಾಡಿ. ಮತ್ತೆ, ಪಾಠ ನಡೆಯುವಾಗ ಅಪ್ಪನನ್ನೋ ಅಮ್ಮನನ್ನೋ ಒಳಗೆ ಕೂರಲು ಬಿಡದ ಕಡೆ, ಎಷ್ಟೇ ಹೆಸರಿದ್ದರೂ, ಮಗುವನ್ನು ಸೇರಿಸಬೇಡಿ.