ಮಕ್ಕಳ ಬೆಳವಣಿಗೆಯಲ್ಲಿ ಪುಸ್ತಕ ಮತ್ತು ಪರದೆ

1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ಪತ್ರಕರ್ತರಾಗಿ, ಕವಿಗಳಾಗಿ, ಚಿಂತಕರಾಗಿ ನಾಡಿನ ಗೌರವಕ್ಕೆ ಪಾತ್ರರಾದರು. ಶಾಲೆ ನಿಂತರೂ ಅವರ ಓದು ನಿಲ್ಲಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡ ಸಣ್ಣಕತೆಗೆ ಭದ್ರ ನೆಲೆ ಒದಗಿಸಿ, 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಭಾಜನರಾದರು.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಭಾಗದ ಅನೇಕ ಮನೆಗಳಲ್ಲಿ ಇಂದಿಗೂ ತೆಲುಗು ಆಡುಮಾತು. ಶಾಲೆಯಲ್ಲಿ ಕನ್ನಡ ಪಠ್ಯ. ಇಂತಹ ಮಗುವಿಗೆ ಗ್ರಾಂಥಿಕ ಕನ್ನಡದ ಪರಿಚಯವಾಗುವುದು ಬಹುಪಾಲು ಓದಿನಿಂದಲೇ. ಆ ಓದು ತಪ್ಪಿದರೆ, ಅಕ್ಷರ ಗುರುತಿಸಿದರೂ ಅರ್ಥ ಗ್ರಹಿಸಲಾರದ ಸ್ಥಿತಿ ಉಂಟಾಗುತ್ತದೆ. ಮುಂದೆ ಗಣಿತವಾಗಲಿ ವಿಜ್ಞಾನವಾಗಲಿ ಕಠಿಣವೆನಿಸಲು ಇದೂ ಒಂದು ಕಾರಣ.

ಪುಸ್ತಕಕ್ಕೂ ಪರದೆಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. ಓದುವ ಮಗು ಅಕ್ಷರವನ್ನು ಧ್ವನಿಯಾಗಿಸಿ, ಧ್ವನಿಯಿಂದ ಅರ್ಥ ಗ್ರಹಿಸಿ, ಚಿತ್ರವನ್ನು ತನ್ನ ಮನಸ್ಸಿನಲ್ಲಿ ತಾನೇ ರಚಿಸಿಕೊಳ್ಳುತ್ತದೆ. ತಿಳಿಯದಿದ್ದಲ್ಲಿ ನಿಲ್ಲುತ್ತದೆ, ಹಿಂದಿನ ಪುಟಕ್ಕೆ ಮರಳುತ್ತದೆ, ಹಿರಿಯರನ್ನು ಕೇಳುತ್ತದೆ. ಮೊಬೈಲ್‌ನ ಕಿರುವಿಡಿಯೋಗಳಲ್ಲಿ ಚಿತ್ರ, ಧ್ವನಿ, ವೇಗ ಎಲ್ಲವೂ ಸಿದ್ಧವಾಗಿರುತ್ತವೆ. ಒಂದು ಮುಗಿಯುವ ಮೊದಲೇ ಮನಸ್ಸು ಮತ್ತೊಂದಕ್ಕೆ ಜಿಗಿಯುತ್ತದೆ. ನಿಂತು ಯೋಚಿಸುವ ಅಭ್ಯಾಸಕ್ಕೆ ಅಲ್ಲಿ ಎಡೆ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆ ಸಲ್ಲದು. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು. ಮಗು ಕುಳಿತಿರುವ ವೇಳೆಯಲ್ಲಿ ಹಿರಿಯರು ಕಥೆ ಹೇಳುವುದು, ಪುಸ್ತಕ ಓದಿ ತೋರಿಸುವುದು ಉತ್ತಮವೆಂದೂ ಅದು ಸೂಚಿಸುತ್ತದೆ.

ತಂದೆತಾಯಂದಿರ ಕಷ್ಟವೂ ಗಮನಾರ್ಹ. ಬೆಳಗಿನ ಜಾವ ಡೈರಿಗೆ ಹಾಲು, ಹಗಲು ಟೊಮೇಟೊ ಅಥವಾ ಮಾವಿನ ತೋಟದ ಕೆಲಸ, ಇಲ್ಲವೇ ಕಾರ್ಖಾನೆಯ ಪಾಳಿ. ದಣಿದು ಬಂದವರು ಮಗುವಿನ ಹಠ ತಣಿಸಲು ಫೋನ್ ಕೊಡುವುದು ಸಹಜ. ಆದ್ದರಿಂದ ಸುಲಭಸಾಧ್ಯವಾದ ಕ್ರಮಗಳಿಂದ ಆರಂಭಿಸುವುದು ಒಳಿತು.

ಊಟದ ವೇಳೆ ಮನೆಯ ಎಲ್ಲ ಫೋನ್‌ಗಳೂ ದೂರವಿರಲಿ. ಮಲಗುವ ಮುನ್ನ ಹದಿನೈದು ನಿಮಿಷ ಮಗು ಗಟ್ಟಿಯಾಗಿ ಓದಲಿ. ಓದು ಬಾರದ ಅಜ್ಜಿಯೂ ಕೇಳುಗಳಾಗಿ, "ಆಮೇಲೇನಾಯಿತು?" ಎಂದು ಪ್ರಶ್ನಿಸಿದರೆ ಸಾಕು. ಓದಿದ್ದನ್ನು ಮಗು ಅಜ್ಜಿಗೆ ತೆಲುಗಿನಲ್ಲಿ ಹೇಳಿದರೂ ಒಳ್ಳೆಯದೇ, ಅದರಿಂದ ಅರ್ಥ ದೃಢವಾಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸಿಕೊಳ್ಳಲಾಗುತ್ತಿದೆ. ಮಗುವನ್ನು ಅಲ್ಲಿಗೆ ಕರೆದೊಯ್ದು, ಪುಸ್ತಕವನ್ನು ಅದೇ ಆರಿಸಿಕೊಳ್ಳಲು ಬಿಡಬೇಕು.

ಪರದೆಯಿಂದ ಕಲಿಕೆಯೇ ಆಗದೆಂಬ ವಾದ ಸರಿಯಲ್ಲ. ಪಾಠದ ವಿಡಿಯೋವನ್ನು ಹಿರಿಯರೊಡನೆ ಕುಳಿತು ನೋಡಿ ಚರ್ಚಿಸಿದರೆ ಪ್ರಯೋಜನವುಂಟು. ಆದರೆ ನಡೆನುಡಿ ಒಂದಾಗಿರಬೇಕೆಂಬುದು ಶರಣರು ತೋರಿದ ದಾರಿ. ತಾವು ಫೋನ್ ಹಿಡಿದು ಮಗುವಿಗೆ "ಪುಸ್ತಕ ಹಿಡಿ" ಎಂದರೆ ಆ ಮಾತು ನಾಟದು. ಭಕ್ತಬಾಂಧವರು ಇಂದಿನ ರಾತ್ರಿಯೇ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿಸಲಿ ಎಂಬುದು ನಮ್ಮ ಸವಿನಯ ವಿನಂತಿ.