ಬ್ಲೇಡ್ ಸರ್ವರುಗಳ ಜಾಲವಿನ್ಯಾಸ: ತಂತಿಗಳ ಎಣಿಕೆ ಮತ್ತು ದಾರಿಗಳ ಎಣಿಕೆ

ಕರ್ನಾಟಕದ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸಿದ 'ಭೂಮಿ' ಯೋಜನೆಯ ಆರಂಭಕಾಲದಲ್ಲಿ ಪಹಣಿಯ ಮಾಹಿತಿಯು ಆಯಾ ತಾಲ್ಲೂಕು ಕಛೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳು ಈ ರೀತಿಯಲ್ಲಿ ಯಂತ್ರಸ್ಥವಾದವು. ಮುಂದೆ ಈ ಮಾಹಿತಿಯು ಬೆಂಗಳೂರಿನಲ್ಲಿರುವ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿ, ತಾಲ್ಲೂಕುಗಳು ಜಾಲದ ಮೂಲಕ ಅದನ್ನು ಪಡೆಯುವ ವ್ಯವಸ್ಥೆ ಬಂದಿತು. ಇದರಿಂದಾದ ಅನುಕೂಲವನ್ನು ವಿವರಿಸಬೇಕಾದುದಿಲ್ಲ. ಆದರೆ ಅನುಕೂಲದೊಡನೆ ಒಂದು ಹೊಣೆಯೂ ಬಂದಿತು. ಮೊದಲು ಒಂದು ಯಂತ್ರ ಕೆಟ್ಟರೆ ಒಂದು ತಾಲ್ಲೂಕಿನ ಕೆಲಸ ಮಾತ್ರ ನಿಲ್ಲುತ್ತಿತ್ತು; ಕೇಂದ್ರೀಕರಣವಾದ ಮೇಲೆ ಒಂದೇ ಕೋಣೆಯಲ್ಲಿ ಉಂಟಾಗತಕ್ಕ ದೋಷವು ಇಡೀ ರಾಜ್ಯವನ್ನು ಮುಟ್ಟಬಹುದು. ಆದುದರಿಂದ ದತ್ತಾಂಶ ಕೇಂದ್ರದೊಳಗೆ ತಂತಿಗಳನ್ನು ಹೇಗೆ ಜೋಡಿಸಲಾಗಿದೆ ಎಂಬ ಪ್ರಶ್ನೆಯು ಕೇವಲ ತಂತ್ರಜ್ಞರದಲ್ಲ. ಕಮಲಾಪುರದಲ್ಲಿ ಪಹಣಿಗಾಗಿ ನಿಂತ ರೈತನಿಗೂ, ಕಲಬುರಗಿಯ ಗಾಜಿಪುರದಲ್ಲಿ ಕುಳಿತು ಅರ್ಜಿ ತುಂಬುತ್ತಿರುವ ವಿದ್ಯಾರ್ಥಿಗೂ ಸೇರಿದುದು.

ಇಂದಿನ ದತ್ತಾಂಶ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಬ್ಲೇಡ್ ಸರ್ವರುಗಳನ್ನೂ ಅವುಗಳ ಜಾಲವಿನ್ಯಾಸವನ್ನೂ ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗುವುದು.

ಬ್ಲೇಡ್ ಎಂದರೆ ಪ್ರೊಸೆಸರು, ಸ್ಮೃತಿ ಮತ್ತು ಜಾಲಸಂಪರ್ಕದ ಸಾಧನಗಳನ್ನಷ್ಟೇ ಹೊಂದಿದ ತೆಳುವಾದ ಸರ್ವರು. ವಿದ್ಯುತ್ತು, ಗಾಳಿಯ ಫ್ಯಾನುಗಳು ಮತ್ತು ಹೊರಗಿನ ಸಂಪರ್ಕ ಇವೆಲ್ಲವೂ ಅದನ್ನು ಸೇರಿಸುವ ಲೋಹದ ಪೆಟ್ಟಿಗೆಗೆ ಸೇರಿದವು. ಈ ಬಗೆಯ ಯಂತ್ರಗಳು 2001ರಲ್ಲಿ ಮಾರುಕಟ್ಟೆಗೆ ಬಂದವು, 2006ರ ಎಚ್.ಪಿ. ಕಂಪನಿಯ ಸಿ-7000 ಪೆಟ್ಟಿಗೆಯಲ್ಲಿ 16 ಅರ್ಧ ಎತ್ತರದ ಬ್ಲೇಡುಗಳನ್ನು ಕೂರಿಸಬಹುದಾಗಿತ್ತು. ಇದಕ್ಕೆ ಜೊತೆಯಾದುದು ವರ್ಚುವಲೀಕರಣ, ಎಂದರೆ ಒಂದು ನಿಜವಾದ ಯಂತ್ರವನ್ನು ಹಲವು ಯಂತ್ರಗಳೋ ಎಂಬಂತೆ ನಡೆಸುವ ವಿಧಾನ. 1960ರ ದಶಕದ ಉತ್ತರಾರ್ಧದಲ್ಲಿಯೇ ಐ.ಬಿ.ಎಂ. ಸಂಸ್ಥೆಯ ದೊಡ್ಡ ಯಂತ್ರಗಳಲ್ಲಿ ಆರಂಭವಾದ ಈ ವಿಧಾನವು 2000ದ ನಂತರ ಸಾಮಾನ್ಯ ಸರ್ವರುಗಳಿಗೂ ವ್ಯಾಪಿಸಿತು. ಹೈಪರ್‌ವೈಸರ್ ಎಂಬ ತಂತ್ರಾಂಶವು ಒಂದು ಬ್ಲೇಡಿನಲ್ಲಿ ಇಪ್ಪತ್ತು ಮೂವತ್ತು ವರ್ಚುವಲ್ ಯಂತ್ರಗಳನ್ನು ನಡೆಸುವುದು ಈಗ ಸಾಮಾನ್ಯ.

ಇಂತಹ ವ್ಯವಸ್ಥೆಯಲ್ಲಿ ಸ್ವಿಚ್ಚುಗಳು ಮೂರು ನೆಲೆಗಳಲ್ಲಿ ಇರುತ್ತವೆ. ಒಂದನೆಯದು ಹೈಪರ್‌ವೈಸರಿನೊಳಗೆ ತಂತ್ರಾಂಶರೂಪದಲ್ಲಿದೆ; ಎರಡನೆಯದು ಬ್ಲೇಡುಗಳ ಪೆಟ್ಟಿಗೆಯ ಬೆನ್ನಿನಲ್ಲಿದೆ; ಮೂರನೆಯದು ಕೋಣೆಯ ಮುಖ್ಯ ಸ್ವಿಚ್ಚು. ಹದಿನಾರು ಬ್ಲೇಡುಗಳಲ್ಲಿ ಒಂದೊಂದಕ್ಕೂ ಎರಡೆರಡು ಪೋರ್ಟುಗಳಿವೆ ಎಂದು ಭಾವಿಸೋಣ. ಪೆಟ್ಟಿಗೆಯಲ್ಲಿ ಸ್ವಿಚ್ಚು ಇಲ್ಲದಿದ್ದರೆ 32 ತಂತಿಗಳನ್ನು ಹೊರಗೆಳೆಯಬೇಕು. ಎರಡು ಸ್ವಿಚ್ಚುಗಳನ್ನಿಟ್ಟು, ಒಂದೊಂದರಿಂದ ನಾಲ್ಕು ತಂತಿಗಳನ್ನು ತೆಗೆದರೆ ಒಟ್ಟು 8 ಸಾಕು. ತಂತಿ ಕಡಿಮೆಯಾಯಿತೆಂದು ಸಂತೋಷಪಡುವುದಕ್ಕೆ ಮುಂಚೆ ಎರಡು ಲೆಕ್ಕಗಳನ್ನು ಮಾಡತಕ್ಕದ್ದು.

ಮೊದಲನೆಯದು ಸಾಮರ್ಥ್ಯದ ಲೆಕ್ಕ. ಪ್ರತಿಯೊಂದು ಪೋರ್ಟೂ ಸೆಕೆಂಡಿಗೆ 10 ಗಿಗಾಬಿಟ್ಟುಗಳಷ್ಟು ಸಾಗಿಸುವುದಾದರೆ, ಬ್ಲೇಡುಗಳ ಕಡೆಯಿಂದ ಸ್ವಿಚ್ಚುಗಳಿಗೆ 320 ಗಿಗಾಬಿಟ್ ಬರಬಹುದು; ಹೊರಗೆ ಹೋಗಲು ಇರುವುದು 80 ಮಾತ್ರ. ಅನುಪಾತ 4ಕ್ಕೆ 1. ಬ್ಲೇಡಿಗೆ ಇಪ್ಪತ್ತರಂತೆ ಪೆಟ್ಟಿಗೆಯಲ್ಲಿ 320 ವರ್ಚುವಲ್ ಯಂತ್ರಗಳಿದ್ದರೆ ಒಂದೊಂದರ ಸರಾಸರಿ ಪಾಲು 250 ಮೆಗಾಬಿಟ್. ಒಂದು ಸ್ವಿಚ್ಚು ಕೆಟ್ಟಾಗ ಈ ಪಾಲು 125ಕ್ಕೆ ಇಳಿಯುತ್ತದೆ. ಎಲ್ಲ ಯಂತ್ರಗಳೂ ಏಕಕಾಲಕ್ಕೆ ಮಾತನಾಡುವುದಿಲ್ಲವಾದ ಕಾರಣ ಈ ಅನುಪಾತವು ದೋಷವೇನೂ ಅಲ್ಲ. ಆದರೆ ಸಹಿಸಬಹುದಾದ ಇಕ್ಕಟ್ಟನ್ನು ಎರಡೂ ಸ್ವಿಚ್ಚುಗಳು ಸುಸ್ಥಿತಿಯಲ್ಲಿರುವ ದಿನದ ಲೆಕ್ಕದಿಂದಲ್ಲ, ಒಂದು ಮಾತ್ರ ಉಳಿದ ದಿನದ ಲೆಕ್ಕದಿಂದ ನಿರ್ಣಯಿಸಬೇಕು. ರಾತ್ರಿಯ ವೇಳೆ ಪ್ರತಿ ತೆಗೆಯುವ ಕಾರ್ಯವೂ, ಚಾಲನೆಯಲ್ಲಿರುವ ಯಂತ್ರವನ್ನು ಒಂದು ಬ್ಲೇಡಿನಿಂದ ಮತ್ತೊಂದಕ್ಕೆ ಸ್ಥಳಾಂತರಿಸುವ ಕಾರ್ಯವೂ ಇದೇ ದಾರಿಯಲ್ಲಿ ನಡೆಯುತ್ತವೆ. 64 ಗಿಗಾಬೈಟ್ ಸ್ಮೃತಿಯುಳ್ಳ ಯಂತ್ರವೊಂದನ್ನು 10 ಗಿಗಾಬಿಟ್ಟಿನ ಕೊಂಡಿಯ ಮೇಲೆ ಸಾಗಿಸಲು, ಕೊಂಡಿಯನ್ನು ಪೂರ್ಣವಾಗಿ ಆಕ್ರಮಿಸಿಕೊಂಡರೂ, 51 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಬೇಕು. ಅಷ್ಟು ಹೊತ್ತು ಉಳಿದವರಿಗೆ ದಾರಿ ಇಲ್ಲದಂತಾಗಬಾರದಾದುದರಿಂದ ಪ್ರತಿಯೊಂದು ಬಗೆಯ ಸಂಚಾರಕ್ಕೂ ಪಾಲನ್ನು ಮೊದಲೇ ಗೊತ್ತುಮಾಡಿಡುವುದು ಅವಶ್ಯ.

ಎರಡನೆಯದು ದಾರಿಗಳ ಲೆಕ್ಕ. ಇದು ಮೊದಲನೆಯದಕ್ಕಿಂತ ಸೂಕ್ಷ್ಮವಾದುದು. ಎಂಟು ತಂತಿಗಳೂ ಕೋಣೆಯ ಒಂದೇ ಸ್ವಿಚ್ಚಿನಲ್ಲಿ ಕೊನೆಗೊಂಡರೆ ತಂತಿಗಳು ಎಂಟಾದರೂ ದಾರಿ ಒಂದೇ. ಬ್ಲೇಡಿನ ಎರಡು ಪೋರ್ಟುಗಳು ಒಂದೇ ಕಾರ್ಡಿನ ಮೇಲಿದ್ದರೆ ಆ ಕಾರ್ಡು ಕೆಟ್ಟ ಕೂಡಲೇ ಎರಡೂ ಹೋಗುತ್ತವೆ. ಎರಡು ಸ್ವಿಚ್ಚುಗಳಿಗೂ ಒಂದೇ ತಂತ್ರಾಂಶವನ್ನು ಏಕಕಾಲದಲ್ಲಿ ನವೀಕರಿಸಿದರೆ ಅವೆರಡೂ ಒಟ್ಟಿಗೆ ಸ್ತಬ್ಧವಾಗಬಹುದು. ಆದುದರಿಂದ ವಿನ್ಯಾಸಕಾರನು ಕೇಳಿಕೊಳ್ಳಬೇಕಾದ ಪ್ರಶ್ನೆ 'ಎಷ್ಟು ತಂತಿಗಳಿವೆ?' ಎಂಬುದಲ್ಲ, 'ಯಾವ ಒಂದು ವಸ್ತು ಕೆಟ್ಟರೆ ಎಷ್ಟು ದಾರಿಗಳು ಜೊತೆಯಲ್ಲಿಯೇ ಕೆಡುತ್ತವೆ?' ಎಂಬುದು.

ಇಲ್ಲಿ ಬ್ಲೇಡುಗಳಲ್ಲಿ ವಿಶೇಷವಾಗಿ ಕಾಣುವ ಒಂದು ಮೌನದೋಷವನ್ನು ಹೇಳಬೇಕು. ಪೆಟ್ಟಿಗೆಯ ಸ್ವಿಚ್ಚಿನಿಂದ ಹೊರಗೆ ಹೋಗುವ ತಂತಿಗಳೆಲ್ಲ ಕಡಿದರೂ, ಬ್ಲೇಡಿಗೂ ಆ ಸ್ವಿಚ್ಚಿಗೂ ನಡುವಣ ಕೊಂಡಿ ಸುಸ್ಥಿತಿಯಲ್ಲಿಯೇ ಇರುತ್ತದೆ. ಹೈಪರ್‌ವೈಸರು ದಾರಿ ಸರಿಯಾಗಿದೆಯೆಂದು ನಂಬಿ ಮಾಹಿತಿಯನ್ನು ಕಳುಹಿಸುತ್ತಲೇ ಇರುತ್ತದೆ. ಅದು ಎಲ್ಲಿಯೂ ತಲುಪುವುದಿಲ್ಲ. ಇದರ ಪರಿಹಾರವೆಂದರೆ ಹೊರಗಣ ಕೊಂಡಿಗಳು ಬಿದ್ದೊಡನೆ ಒಳಗಣ ಕೊಂಡಿಗಳನ್ನೂ ಸ್ವಿಚ್ಚೇ ಕೆಳಗಿಳಿಸುವಂತೆ ನಿಯಮಿಸುವುದು. ಆಗ ಹೈಪರ್‌ವೈಸರಿಗೆ ವಿಷಯ ತಿಳಿದು ಅದು ಎರಡನೆಯ ಪೋರ್ಟನ್ನು ಹಿಡಿಯುತ್ತದೆ. ಈ ನಿಯಮವನ್ನು ಬರೆಯದ ಕಡೆ ಎರಡನೆಯ ದಾರಿ ಇದ್ದೂ ಇಲ್ಲದಂತೆ.

ದಾರಿಗಳು ಹೆಚ್ಚಾದಂತೆ ಸುತ್ತುಗಳು ಉಂಟಾಗುವ ಅಪಾಯವಿದೆ. ಎಥರ್‌ನೆಟ್ ಜಾಲದಲ್ಲಿ ಸುತ್ತಿಗೆ ಸಿಕ್ಕಿದ ಸಂದೇಶವು ಕೊನೆಯಿಲ್ಲದೆ ತಿರುಗುತ್ತ ಜಾಲವನ್ನೇ ಮುಳುಗಿಸಬಲ್ಲುದು. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ ಅವರು 1985ರಲ್ಲಿ ಪ್ರಕಟಿಸಿದ ಸ್ಪ್ಯಾನಿಂಗ್ ಟ್ರೀ ಕ್ರಮವು ಹೆಚ್ಚಿನ ಕೊಂಡಿಗಳನ್ನು ಮುಚ್ಚಿಡುತ್ತದೆ. ಜಾಲವು ಕ್ಷೇಮವಾಗಿರುವುದಾದರೂ ಹಣ ಕೊಟ್ಟು ಹಾಕಿಸಿದ ತಂತಿಗಳಲ್ಲಿ ಕೆಲವು ನಿರುದ್ಯೋಗಿಗಳಾಗುತ್ತವೆ. ಇದಕ್ಕೆ ಬದಲಾಗಿ ಕೊಂಡಿಗಳನ್ನು ಕಟ್ಟಾಗಿ ಸೇರಿಸಿ ಒಂದೇ ಎಂದು ಎಣಿಸುವ ವಿಧಾನವೂ, ಬೆಲ್ ಪ್ರಯೋಗಶಾಲೆಯ ಚಾರ್ಲ್ಸ್ ಕ್ಲೋಸ್ ಅವರು 1953ರಲ್ಲಿ ದೂರವಾಣಿಗಳಿಗಾಗಿ ನಿರೂಪಿಸಿದ ಹಂತಹಂತದ ಜೋಡಣೆಯನ್ನು ಅನುಸರಿಸಿ ಎಲ್ಲ ದಾರಿಗಳನ್ನೂ ಸಮವಾಗಿ ಬಳಸುವ ವಿಧಾನವೂ ಇಂದು ರೂಢಿಯಲ್ಲಿವೆ.

ವರ್ಚುವಲ್ ಯಂತ್ರವು ಸ್ಥಳ ಬದಲಿಸಿದಾಗ ಅದರ ವಿಳಾಸ ಬದಲಾಗಬಾರದು. ಆದುದರಿಂದ ಅದು ಸೇರಿದ ಉಪಜಾಲವು ಹೋದ ಕಡೆಯೂ ದೊರೆಯಬೇಕು. ಉಪಜಾಲಗಳನ್ನು ಗುರುತಿಸುವ ವಿ-ಲ್ಯಾನ್ ಕ್ರಮದಲ್ಲಿ ಸಂಖ್ಯೆಗೆ 12 ಬಿಟ್ಟುಗಳು ಮಾತ್ರವಿರುವುದರಿಂದ 4094ಕ್ಕಿಂತ ಹೆಚ್ಚಿನ ಉಪಜಾಲಗಳು ಸಾಧ್ಯವಿಲ್ಲ. 2014ರಲ್ಲಿ ಪ್ರಕಟವಾದ ವಿಎಕ್ಸ್-ಲ್ಯಾನ್ ಕ್ರಮವು 24 ಬಿಟ್ಟುಗಳನ್ನು ಬಳಸಿ ಈ ಮಿತಿಯನ್ನು ಸುಮಾರು 1 ಕೋಟಿ 67 ಲಕ್ಷಕ್ಕೆ ಏರಿಸಿತು. ಆದರೆ ಸಂಚಾರದ ಈ ಸ್ವಾತಂತ್ರ್ಯದಿಂದ ಬೇರೊಂದು ತೊಡಕು ಬರುತ್ತದೆ. ಒಂದು ಸೇವೆಯ ಎರಡು ಪ್ರತಿಗಳನ್ನು ಎಚ್ಚರಿಕೆಗಾಗಿ ನಡೆಸುತ್ತಿದ್ದರೂ, ಅವೆರಡೂ ತಾವಾಗಿ ಸ್ಥಳಾಂತರಗೊಂಡು ಒಂದೇ ಪೆಟ್ಟಿಗೆಗೆ ಬಂದು ಸೇರಿದರೆ ಎಚ್ಚರಿಕೆಯು ವ್ಯರ್ಥವಾಯಿತು. ಜೋಡಿಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಯೇ ಇರಿಸತಕ್ಕದ್ದೆಂಬ ನಿಯಮವೂ ಜಾಲವಿನ್ಯಾಸದ ಅಂಗವೇ ಆಗಿದೆ.

ಮೇಲ್ಕಂಡ ವಿಷಯಗಳನ್ನು ಪಾಠದ ಕೋಣೆಯಲ್ಲಿ ತೋರಿಸಲು ದುಬಾರಿ ಪೆಟ್ಟಿಗೆಗಳು ಅವಶ್ಯವಿಲ್ಲ. ಲಿನಕ್ಸ್ ಇರುವ ಎರಡು ಹಳೆಯ ಗಣಕಯಂತ್ರಗಳು, ಎರಡೆರಡು ಜಾಲಪೋರ್ಟುಗಳು ಮತ್ತು ಎರಡು ಸಾಮಾನ್ಯ ಸ್ವಿಚ್ಚುಗಳು ಸಾಕು. ಪ್ರತಿಯೊಂದು ಯಂತ್ರದಲ್ಲಿಯೂ ಕೆಲವು ವರ್ಚುವಲ್ ಯಂತ್ರಗಳನ್ನು ನಡೆಸಿ, ಎರಡು ಸ್ವಿಚ್ಚುಗಳಿಗೆ ಸಂಪರ್ಕಿಸಿ, ತಂತಿಗಳನ್ನು ಒಂದೊಂದಾಗಿ ಕೀಳುತ್ತ, ಸಂಪರ್ಕವು ಎಷ್ಟು ಸೆಕೆಂಡು ನಿಂತಿತೆಂಬುದನ್ನು ವಿದ್ಯಾರ್ಥಿಗಳು ಬರೆದಿಡಲಿ. ಕಾಗದದ ಮೇಲೆ ಎರಡಾಗಿದ್ದ ದಾರಿಗಳಲ್ಲಿ ಎಷ್ಟು ನಿಜವಾಗಿ ಎರಡು ಎಂಬುದು ಆಗ ತಿಳಿಯುವುದು. ದೊಡ್ಡ ದತ್ತಾಂಶ ಕೇಂದ್ರದಲ್ಲಿಯೂ ಪರೀಕ್ಷೆ ಇದೇ. ಬಿಡುವಿನ ವೇಳೆಯಲ್ಲಿ, ಕಾವಲಿಟ್ಟು, ನಾವೇ ತಂತಿಯನ್ನು ಕಿತ್ತು ನೋಡದಿದ್ದರೆ, ಅದು ತಾನಾಗಿ ಕಡಿಯುವ ದಿನವೇ ಪರೀಕ್ಷೆಯ ದಿನವಾಗುತ್ತದೆ. ಮತ್ತು ಆ ದಿನ ಉತ್ತರಕ್ಕಾಗಿ ಕಾಯುವವರು ಸಾಲಿನಲ್ಲಿ ನಿಂತ ಜನರು.